ಎಲ್ಲಿ ನಡೆಯಬೇಕು ಸ್ವಾಮಿ?

ಇವತ್ತು ತಲೆ ಕೆಟ್ಟೇ ಹೋಯಿತು. ‘ಎಲ್ಲರನ್ನೂ ಒಳಗೊಳ್ಳುವ ನಗರ’ ಅಂತ ವಿಚಾರ ಸಂಕಿರಣ. ಎಲ್ಲಿ? ಮೊದಲ ಮಹಡಿಯಲ್ಲಿ. ಲಿಫ್ಟ್? ಇಲ್ಲ. ವೀಲ್‌ಚೇರ್‌ನಲ್ಲಿ ಬಂದ ನನ್ನ ವಿದ್ಯಾರ್ಥಿನಿಯನ್ನು ನೋಡಿ ಆಯೋಜಕರು, “ನಾಲ್ಕು ಹುಡುಗ್ರು ಎತ್ಕೊಂಡು ಹೋಗ್ತಾರೆ ಬಿಡಿ ಮೇಡಂ” ಅಂದರು. ಅವಳೇನು ಅಕ್ಕಿ ಮೂಟೆಯಾ?

ಹೊರಗಿನ ಮೆಟ್ಟಿಲ ಪಕ್ಕ ರ‍್ಯಾಂಪ್ ಇತ್ತು, ಸುಳ್ಳು ಹೇಳಬಾರದು. ಒಂದಡಿ ಏರಲು 12 ಅಡಿ ಉದ್ದ ಬೇಕು ಅನ್ನುತ್ತದೆ ನಿಯಮ. ಇದು ಸೀದಾ ಆಕಾಶಕ್ಕೆ! ಮೇಲೆ ಕ್ರೋಟನ್ ಕುಂಡಗಳು, ಬುಡದಲ್ಲಿ ಯಾರದ್ದೋ ಸ್ಕೂಟರ್. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂತು. ಈ ಕುಂಡಗಳಿಗೆ ಯಾರೂ ಹೇಳಿಲ್ಲ ಅನ್ನಿಸುತ್ತದೆ.

ಕಾರವಾರದ ಬೀದಿಗಳೇನು ಕಮ್ಮಿಯಾ? ಫುಟ್‌ಪಾತ್‌ನಲ್ಲಿ ಕನಿಷ್ಠ 1.8 ಮೀಟರ್ ಖಾಲಿ ಇರಬೇಕಂತೆ. ಇಲ್ಲಿ ಮೊದಲು ಕರೆಂಟ್ ಕಂಬ, ಆಮೇಲೆ ಅಂಗಡಿ ಬೋರ್ಡು, ಆಮೇಲೆ ಬುಲೆಟ್ಟು, ಆಮೇಲೆ ಗಟಾರದ ಮೇಲೆ ಅಲ್ಲಾಡುವ ಚಪ್ಪಡಿ. ಮಳೆಗಾಲದಲ್ಲಿ ಕಾಲಿಟ್ಟರೆ ಪಚಕ್ ಅಂತ ಕೆಸರು ಮೊಣಕಾಲಿನ ತನಕ. ಹೆದ್ದಾರಿ 66 ದಾಟಲು ನಿಂತ ಅಜ್ಜಿಗೆ ಲಾರಿಯ ಹಾರ್ನೇ ಉತ್ತರ.

ನಾನು ಕಲಿಸುವುದು ಸಾರ್ವಜನಿಕ ಆರೋಗ್ಯ. ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಿರಿ ಅಂತ ಪಾಠ ಮಾಡಬೇಕು. ಎಲ್ಲಿ, ಗಟಾರದೊಳಗಾ?

ಸರಿ, ಇದರ ಮೇಲೇ ಸಂಶೋಧನೆ ಮಾಡೋಣ ಅಂದರೆ ಕಚೇರಿಯವರಿಗೆ ಅರ್ಜಿ ಮೂರು ಪ್ರತಿ ಬೇಕು, ಎಲ್ಲದಕ್ಕೂ ಸಹಿ ಬೇಕು, ಸೀಲು ಬೇಕು. ಸಮೀಕ್ಷೆಗೆ ಓಡಾಡಿದ್ದಕ್ಕೆ ಆಟೋ ರಸೀದಿ ಬೇಕಂತೆ. ಸೀಲ್ ಹಾಕಿದ ರಸೀದಿ! ಯಾವ ಊರಿನ ಆಟೋದಣ್ಣ ಕೊಡ್ತಾನೆ, ಹೇಳಿ?