ಮಷೀನು ರಿಪೇರಿ ಮಾಡಿದ್ರೆ ಡೈರಿ ಎದ್ದೇಳಲ್ಲ

ಆಫ್ರಿಕಾದ ಡೈರಿ ಫಾರಂ ವಿಷ್ಯ ನಿಂಗ್ಯಾಕಪ್ಪ ಅನ್ಬೇಡಿ. ಮನೇಲಿ ಐದು ಎಚ್‌ಎಫ್ (ಜಾಸ್ತಿ ಹಾಲು ಕೊಡೋ ವಿದೇಶಿ ತಳಿ) ಹಸು ಕಟ್ಕೊಂಡಿರೋನು ನಾನು, ಜಿಂಬಾಬ್ವೆ ಹಾಲಿನ ಕಥೆ ಓದ್ತಾ ಓದ್ತಾ ಎಷ್ಟೋ ಕಡೆ ನಮ್ ಕೊಟ್ಟಿಗೇನೇ ಕಣ್ಮುಂದೆ ಬಂತು.

ಅಲ್ಲಿನ ರಾಜಧಾನಿ ಹರಾರೆಯಿಂದ ಉತ್ತರಕ್ಕೆ ಮಜೋವೆ ಅಂತ ಕಿತ್ತಳೆ ತೋಟಗಳ ಸೀಮೆ. ಅಲ್ಲಿ ಫಾಯ್ಲ್ ಅಂತ ಒಂದು ಫಾರಂ ಇತ್ತು, ಆ ದೇಶದ ದೊಡ್ಡ ಡೈರಿಗಳಲ್ಲೊಂದು. 2000ದಲ್ಲಿ ಬಿಳಿಯ ರೈತರ ಜಮೀನು ವಶ ಮಾಡ್ಕೊಂಡು ಹಂಚೋದು ಜೋರಾಯ್ತಲ್ಲ, ಆ ಅಲೆಯಲ್ಲಿ ಇದು ಆಗಿನ ಅಧ್ಯಕ್ಷ ಮುಗಾಬೆ ಮನೆಯವ್ರ ಕೈಗೆ ಹೋಗಿ ಗುಶುಂಗೊ ಡೈರಿ ಆಯ್ತು. ಗುಶುಂಗೊ ಅನ್ನೋದು ಮುಗಾಬೆಯವ್ರ ಕುಲದ ಹೆಸ್ರು. ನೆಸ್ಲೆಯವ್ರು ಅಲ್ಲಿಂದ ಹಾಲು ತಗೋತಿದ್ರು, 2009ರಲ್ಲಿ ಹೊರದೇಶಗಳಲ್ಲಿ ಅದು ಸುದ್ದಿಯಾಗಿ ಗಲಾಟೆ ಆದ್ಮೇಲೆ ಬಿಟ್ರು. ಆಮೇಲೆ ಡೈರಿಯವ್ರೇ ಆಲ್ಫಾ ಒಮೆಗಾ ಅಂತ ಸ್ವಂತ ಬ್ರ್ಯಾಂಡ್ ತಂದ್ರು.

ಇದೊಂದು ಫಾರಂ ಕಥೆ ಅಷ್ಟೇ ಅಲ್ಲ. 1990ರ ಸುಮಾರಿಗೆ ಇಡೀ ದೇಶದಲ್ಲಿ ವರ್ಷಕ್ಕೆ ಹತ್ರತ್ರ 26 ಕೋಟಿ ಲೀಟರ್ ಹಾಲು ಆಗ್ತಿತ್ತಂತೆ, 2009ಕ್ಕೆ ಅದು 4 ಕೋಟಿಗಿಂತ ಕಮ್ಮಿ! 2024ರಲ್ಲಿ 11 ಕೋಟಿ ದಾಟ್ತು, ಅಂದ್ರೆ ಎದ್ದೇಳ್ತಿದೆ, ಆದ್ರೆ ಆಗ್ಲೂ ಹಳೇ ಮಟ್ಟದ ಅರ್ಧಕ್ಕೂ ಬಂದಿರ್ಲಿಲ್ಲ. ಬಿಳಿಯರ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳ್ತಿಲ್ಲ, 1930ರ ಭೂ ಹಂಚಿಕೆ ಕಾಯ್ದೆಯಲ್ಲಿ ಮುಷ್ಟಿ ಬಿಳಿಯರಿಗೆ ದೇಶದ ಅರ್ಧ ಭೂಮಿ ಬರ್ಕೊಟ್ಟಿದ್ದು ಸುಳ್ಳಲ್ಲ, ಅದು ಸರಿಹೋಗ್ಬೇಕಿತ್ತು. ಆದ್ರೆ ಹಸುಗೆ ರಾಜಕೀಯ ಗೊತ್ತಾಗಲ್ಲ ನೋಡಿ, ಸಾಯಂಕಾಲ ಹಿಂಡ್ಲಿಲ್ಲ ಅಂದ್ರೆ ಬೆಳಗ್ಗೆ ಕೆಚ್ಚಲು ಬಾವು.

ಇಂಥ ಫಾರಂ ಮತ್ತೆ ಎಬ್ಬಿಸ್ಬೇಕು ಅಂದ್ರೆ ಎಲ್ರೂ ಮೊದ್ಲು ಹೇಳೋದು ಮಿಲ್ಕಿಂಗ್ ಪಾರ್ಲರ್ (ಮಷೀನಲ್ಲಿ ಹಾಲು ಹಿಂಡೋ ಜಾಗ) ರಿಪೇರಿ, ಕೂಲರ್, ಟ್ರ್ಯಾಕ್ಟರ್. ದುಡ್ಡಿದ್ರೆ ಅದೆಲ್ಲ ಆರು ತಿಂಗ್ಳ ಕೆಲ್ಸ. ಹಸು? ಇವತ್ತು ಗಬ್ಬದ ಇಂಜೆಕ್ಷನ್ ಮಾಡಿಸಿದ್ರೆ ಒಂಬತ್ತು ತಿಂಗ್ಳಿಗೆ ಕರು, ಅದ್ರಲ್ಲೂ ಅರ್ಧ ಹೋರಿಗರು, ಹೆಣ್ಗರು ಆದ್ರೆ ಮೇವು ಚೆನ್ನಾಗಿ ಹಾಕಿ ಸಾಕಿದ್ರೂ ಅದು ಕರು ಹಾಕಿ ಹಾಲಿಗೆ ಬರೋದು ಎರಡು ವರ್ಷಕ್ಕೆ, ಅಂದ್ರೆ ಇವತ್ತು ಹಾಕಿದ ದುಡ್ಡು ಹಾಲಾಗೋಕೆ ಹತ್ರತ್ರ ಮೂರು ವರ್ಷ. ಮೂರು ವರ್ಷ ಆದ್ಮೇಲೆ ಈ ಜಮೀನು ನಂದೇ ಆಗಿರುತ್ತೋ ಇಲ್ವೋ ಅನ್ನೋನು ಯಾಕ್ರೀ ಕಡಸು ಸಾಕ್ತಾನೆ? ಸಿಕ್ಕಿದ್ದನ್ನ ಕಟುಕನಿಗೆ ಮಾರಿ ಜೇಬಿಗೆ ಹಾಕ್ಕೋತಾನೆ. ಹಂಚಿದ ಜಮೀನಿಗೆ ಸರ್ಕಾರ 99 ವರ್ಷದ ಲೀಸ್ ಪತ್ರ ಕೊಟ್ರೂ ಅದನ್ನ ನಂಬಿ ಸಾಲ ಕೊಡೋಕೆ ಬ್ಯಾಂಕಿನವ್ರು ಹಿಂದೆಮುಂದೆ ನೋಡಿದ್ದು ಇದಕ್ಕೇನೇ. 2024ರ ಕೊನೆಗೆ ಹಕ್ಕುಪತ್ರ ಕೊಡೋಕೆ ಶುರು ಮಾಡಿದ್ದಾರೆ, ನನ್ ಪ್ರಕಾರ ನೂರು ಪಾರ್ಲರ್‌ಗಿಂತ ಆ ಕಾಗದ ದೊಡ್ಡದು.

ಸರಿ, ದಕ್ಷಿಣ ಆಫ್ರಿಕಾದಿಂದ ಗಬ್ಬದ ಕಡಸು ತಂದ್ಬಿಡೋಣ ಅಂತಾರೆ. ತನ್ನಿ, ಆದ್ರೆ ಜಿಂಬಾಬ್ವೆಲಿ ದನದ ರಕ್ತ ಹೀರೋ ಉಣ್ಣೆ ಕಾಟ ಇದೆ. ಕಿವೀಲಿ ಕಚ್ಕೊಳ್ಳೋ ಕಂದು ಉಣ್ಣೆಯಿಂದ ಬರೋ ಥೈಲೇರಿಯಾ ಅನ್ನೋ ಕಾಯಿಲೆಗೆ ಅವ್ರು ಜನವರಿ ರೋಗ ಅಂತಾರೆ, ಮಳೆಗಾಲದಲ್ಲಿ ಬರೋದ್ರಿಂದ ಆ ಹೆಸ್ರು (ಅವ್ರಿಗೆ ಮಳೆ ಡಿಸೆಂಬರ್ ಜನವರೀಲಿ). 2018ರಿಂದೀಚೆಗೆ ಲಕ್ಷಗಟ್ಟಲೆ ದನ ಹೋಗಿವೆ. ನಮ್ಮಲ್ಲಿ ಥೈಲೇರಿಯಾದ ಜಾತಿ ಬೇರೆ, ಆದ್ರೆ ಹೋದ್ವರ್ಷ ನಮ್ಮನೆ ಎಚ್‌ಎಫ್‌ಗೆ ಬಂದಾಗ ನಾನು ನಾಲ್ಕು ರಾತ್ರಿ ಮಲಗಿಲ್ಲ, ಉಳೀತು ಅನ್ನಿ. ಅಲ್ಲಿ ರೋಗ ಜೋರಾದಾಗ ದನನ ಔಷಧಿ ತೊಟ್ಟಿಲಿ ಮುಳುಗಿಸೋದು ಐದು ದಿನಕ್ಕೊಮ್ಮೆ, ಮತ್ತೆ ಐದಕ್ಕೆ, ಆಮೇಲೆ ನಾಲ್ಕಕ್ಕೆ. ಒಂದು ಸರದಿ ತಪ್ಪಿದ್ರೂ ಕಷ್ಟ. ಉಣ್ಣೆ ರೋಗ ಕಾಣದ ಕಡೆಯಿಂದ ಬಂದ ದುಬಾರಿ ಹಸು ಮೊದ್ಲು ಹೋಗುತ್ತೆ. ಇದ್ರ ಜೊತೆಗೆ ಕರೆಂಟ್ ತಯಾರಾಗೋ ಕರಿಬಾ ಅಣೆಕಟ್ಟಲ್ಲಿ ನೀರಿಲ್ಲ ಅಂತ 2024ರ ಬರದಲ್ಲಿ ದಿನದ ಮುಕ್ಕಾಲು ಪಾಲು ಕರೆಂಟೇ ಇರ್ಲಿಲ್ಲ, ಹಾಲು 4 ಡಿಗ್ರಿಲಿ ಇಡೋಕೆ ಡೀಸೆಲ್ ಜನರೇಟರ್, ಅದ್ರ ಖರ್ಚು ಯಾರು ಕೊಡ್ತಾರೆ.

ನಂಗೆ ಎಲ್ಲಕ್ಕಿಂತ ಬೇಜಾರು ಯಾರೂ ಮಾತಾಡದ ಇನ್ನೊಂದ್ ವಿಷ್ಯಕ್ಕೆ. ಮಾಲೀಕರ ಜೊತೆ ಫಾರಂಗಳಿಂದ ಕೂಲಿಯವ್ರೂ ಹೋದ್ರು, ಎಷ್ಟೋ ಜನ ತಾತನ ಕಾಲದಲ್ಲಿ ಮಲಾವಿ, ಮೊಜಾಂಬಿಕ್‌ನಿಂದ ಬಂದೋರು, ಅವ್ರಿಗೆ ಬಿಳಿಯರ ಕಾಲದಲ್ಲೂ ಭೂಮಿ ಇಲ್ಲ, ಹಂಚ್ದಾಗ್ಲೂ ಸಿಕ್ಕಿದ್ದು ಕಮ್ಮಿ. ಯಾವ ಹಸು ಯಾವತ್ತು ಬೆದೆಗೆ ಬರುತ್ತೆ, ಯಾವುದು ಹಿಂದಿನ ಎಡಮೊಲೆ ಮುಟ್ಟಿದ್ರೆ ಒದೆಯುತ್ತೆ ಅಂತ ಗೊತ್ತಿದ್ದಿದ್ದು ಅವ್ರಿಗೆ. ನನ್ ಕೈಲಿ ಅಂಥ ಫಾರಂ ಕೊಟ್ರೆ ಮೊದಲನೇ ದಿನ ಕಂಟ್ರಾಕ್ಟರ್‌ನ ಕರೆಯಲ್ಲ, ಸುತ್ತಮುತ್ತ ಹಳ್ಳಿಗಳಲ್ಲಿ ಅಲ್ಲಿ ಹಾಲು ಹಿಂಡ್ತಿದ್ದ ವಯಸ್ಸಾದೋರು ಯಾರಿದ್ದಾರೆ ಅಂತ ಹುಡುಕಿ, ಒಂದಿಷ್ಟು ಹಸು ಅವ್ರ ಹೆಸ್ರಿಗೇ ಮಾಡ್ಕೊಡ್ತೀನಿ. ಮೂವತ್ತು ಹಸುವಿಂದ ಶುರು ಮಾಡ್ತೀನಿ, ಮುನ್ನೂರಿಂದಲ್ಲ.

ಬರೀತಾ ಕೂತಿದ್ದೆ, ಕೊಟ್ಟಿಗೇಲಿ ಗೌರಿ ಕೂಗ್ತಿದಾಳೆ, ಮೂರನೇ ಸಲ ಬೆದೆ. ಡಾಕ್ಟ್ರಿಗೆ ಫೋನ್ ಮಾಡ್ಬೇಕು, ಬರ್ತೀನಿ.