ಹಾಳೆ ತಾ ಅಂದರೆ ಯಾವ ಹಾಳೆ?

ಕಾಸರಗೋಡಿನ ಮನೆಯಲ್ಲಿ ಕೂತು ‘ಆಟಕ್ಕೆ ಹಾಳೆ ತಾ’ ಎಂದರೆ ಒಬ್ಬ ನೋಟ್‌ಬುಕ್ಕಿನ ಪುಟ ಹರಿದು ತರುತ್ತಾನೆ, ಇನ್ನೊಬ್ಬ ತೋಟದಿಂದ ಅಡಿಕೆ ಹಾಳೆ, ಅಂದರೆ ಅಡಿಕೆ ಸೋಗೆಯ ಬುಡದ ಅಗಲ ಪೊರೆ, ಎಳೆದುಕೊಂಡು ಬರುತ್ತಾನೆ. ಬೈಯಬೇಡಿ, ದಾಳ ಉರುಳಿಸಿ ಬರೆಯುವ ಆಟಕ್ಕೆ ಎರಡೂ ಬೇಕು. ಕಾಗದದ ಹಾಳೆ ಬರೆಯಲಿಕ್ಕೆ, ಅಡಿಕೆ ಹಾಳೆಯ ತಟ್ಟೆ ದಾಳ ಉರುಳಿಸಲಿಕ್ಕೆ. ಸ್ಟೀಲಿನ ಹರಿವಾಣದಲ್ಲಿ ಉರುಳಿಸಿದರೆ ಮಲಗಿದ ಮಗು ಏಳುತ್ತದೆ. ಬರೀ ನೆಲದಲ್ಲಿ ಉರುಳಿಸಿದರೆ ದಾಳ ಕಪಾಟಿನಡಿ ಸೇರಿ, ತೆಗೆಯಲು ಹೋದವನಿಗೆ ಹೋದ ವರ್ಷ ಕಳೆದ ದಾಳ ಸಿಗುತ್ತದೆ.

ಈ ಜಾತಿಯ ಆಟಗಳಿಗೆ ಅಜ್ಜಿಯಂಥದ್ದು 1956ರಲ್ಲಿ ಅಂಗಡಿಗೆ ಬಂದ ಯಾಟ್ಜಿ. ಅದಕ್ಕೆ ಐದು ದಾಳ ಬೇಕು, ನಮ್ಮ ತೋಟದಾಟಕ್ಕೆ ಎರಡು ಸಾಕು.

ಪ್ರತಿಯೊಬ್ಬರೂ ಆರು ಸಾಲು, ಆರು ಕಂಬದ ಚೌಕ ಗೀರಿಕೊಳ್ಳಬೇಕು. ಮೇಲಿನ ಸಾಲು ಗುಡ್ಡ, ಕೆಳಗಿನದ್ದು ಕಡಲ ಕರೆ. ಒಬ್ಬರು ದಾಳ ಹಾಕಿದರೆ ಎಲ್ಲರೂ ಅದನ್ನೇ ಬಳಸಬೇಕು, ಹಾಗಾಗಿ ‘ನನ್ನ ಸರದಿ ಯಾವಾಗ’ ಎಂಬ ರಾಗ ಇಲ್ಲ. ಒಂದು ದಾಳ ಏನು ನೆಡಬೇಕು ಎನ್ನುತ್ತದೆ: 1 ಅಡಿಕೆ, 2 ತೆಂಗು, 3 ಗೇರು, 4 ಕಾಸರಕ, 5 ಸುರಂಗ (ಗುಡ್ಡ ಕೊರೆದು ನೀರು ತರುವ ದಾರಿ), 6 ಬಿಳಿಹೊಟ್ಟೆಯ ಕಡಲ ಗಿಡುಗ. (ಕಾಸರಕ ಮತ್ತು ಗಿಡುಗ ಜಿಲ್ಲೆಯ ಅಧಿಕೃತ ಮರ, ಹಕ್ಕಿ. ಬಿಡುವ ಹಾಗಿಲ್ಲ.) ಇನ್ನೊಂದು ದಾಳ ಎಷ್ಟನೇ ಕಂಬ ಎನ್ನುತ್ತದೆ. ಯಾವ ದಾಳ ಯಾವುದಕ್ಕೆ ಎಂಬುದು ಅವರವರ ಇಷ್ಟ. 5 ಮತ್ತು 2 ಬಿದ್ದರೆ ಎರಡನೇ ಕಂಬಕ್ಕೆ ಸುರಂಗ, ಇಲ್ಲವೇ ಐದನೇ ಕಂಬಕ್ಕೆ ತೆಂಗು. ಎರಡಕ್ಕೂ ಜಾಗವಿಲ್ಲದಿದ್ದರೆ ಒಂದು ಅಂಕ ಹೋಯಿತು. ಇಪ್ಪತ್ತು ಸುತ್ತಿಗೆ ಆಟ ಮುಗಿಯುತ್ತದೆ.

ಸುರಂಗವನ್ನು ಮೇಲಿನ ಸಾಲಿನಲ್ಲಿ ಮಾತ್ರ ಕೊರೆಯಬಹುದು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದರೆ ತಾನೇ ನೀರು ಹರಿದು ಬರುವುದು! ಅದರ ಕೆಳಗೆ ಅದೇ ಕಂಬದಲ್ಲಿರುವ ಪ್ರತಿ ಅಡಿಕೆಗೂ ಎರಡು ಅಂಕ. ನೀರಿಲ್ಲದ ಅಡಿಕೆಗೆ ಸೊನ್ನೆ. ತೆಂಗಿಗೆ ಒಂದು. ಗೇರಿಗೆ ಗುಡ್ಡದಲ್ಲಿ ಎರಡು, ಬೇರೆಡೆ ಒಂದು. ಹೊಸಬರು ಎಡವುವುದು ಇಲ್ಲೇ. ಎರಡು ಅಂಕದ ಆಸೆಗೆ ಗುಡ್ಡದ ತುಂಬ ಗೇರು ನೆಟ್ಟು, ಸುರಂಗಕ್ಕೆ ಜಾಗವಿಲ್ಲದೆ, ಕೆಳಗಿನ ಅಡಿಕೆಯನ್ನೆಲ್ಲ ಒಣಗಿಸುತ್ತಾರೆ. ಮೊದಲ ನಾಲ್ಕೈದು ಸುತ್ತಿನಲ್ಲಿ 5 ಬಿದ್ದರೆ ಬಿಡಬಾರದು. ಎರಡು ದಾಳದಲ್ಲಿ ಒಂದಾದರೂ 5 ಆಗುವುದು 36ರಲ್ಲಿ 11 ಬಾರಿ, ಅಂದರೆ ಇಡೀ ಆಟಕ್ಕೆ ಸುಮಾರು ಆರು ಸಲ. ಗಿಡುಗದ ಲೆಕ್ಕವೂ ಅಷ್ಟೇ. ಪಕ್ಕದಲ್ಲಿ ತೆಂಗಿದ್ದರೆ ಅದಕ್ಕೆ ನಾಲ್ಕು ಅಂಕ, ಇಲ್ಲದಿದ್ದರೆ ಏನೂ ಇಲ್ಲ. ಕಾಸರಕಕ್ಕೆ ಮೂರು, ಆದರೆ ಒಂದೇ ಸಾಲಿನಲ್ಲಿ ಎರಡಾದರೆ ಎರಡೂ ಕಹಿ.

ಅಕ್ಷರದಲ್ಲಿ ಗುರುತು ಹಾಕಿದಿರೋ, ಕೆಟ್ಟಿರಿ. ‘ಕ’ ಎಂದು ಬರೆದರೆ ಕನ್ನಡದವರಿಗೆ ಅದು ಕಾಸರಕ. ತುಳುವಿನ ಅತ್ತಿಗೆ ಅದನ್ನು ಕಂಗು, ಅಂದರೆ ಅಡಿಕೆ ಎನ್ನುತ್ತಾರೆ. ಮಲಯಾಳದ ನೆರೆಮನೆಯವರು ಕವುಂಗ್ ಎಂದು ಅತ್ತಿಗೆಯ ಕಡೆ ಸೇರುತ್ತಾರೆ. ಅಂಕ ಎಣಿಸುವ ಹೊತ್ತಿಗೆ ಮೂರು ಭಾಷೆಯ ಗಲಾಟೆ. ಚಿತ್ರವೇ ವಾಸಿ: ಅಡಿಕೆಗೆ ಉದ್ದ ಗೀಟು, ತೆಂಗಿಗೆ ನಕ್ಷತ್ರ, ಗೇರಿಗೆ ಅಲ್ಪವಿರಾಮ, ಕಾಸರಕಕ್ಕೆ ಸೊನ್ನೆ, ಸುರಂಗಕ್ಕೆ ಕಮಾನು, ಗಿಡುಗಕ್ಕೆ ಟಿಕ್. ಗಿಡುಗಕ್ಕೆ ಒಂದೊಂದೇ ಗರಿ ಬಿಡಿಸುವ ಮಕ್ಕಳಿಗೆ ಮೂವತ್ತು ಸೆಕೆಂಡಿನ ಗಡುವು ಕೊಡಿ.

ಜೂನ್ ತಿಂಗಳಾದರೆ ಪೆನ್ನು ಬೇಡ, ತೇವ ಹಿಡಿದ ಕಾಗದದಲ್ಲಿ ಶಾಯಿ ಹರಡಿ ಇಡೀ ತೋಟಕ್ಕೆ ನೆರೆ ಬರುತ್ತದೆ. ಲ್ಯಾಮಿನೇಟ್ ಮಾಡಿ ಮಾರ್ಕರಿನಲ್ಲಿ ಬರೆದರೆ ಅಂಗೈ ತಗಲಿ ಒಂದು ಸಾಲು ತೆಂಗು ಮಾಯ. ಪೆನ್ಸಿಲೇ ಸರಿ, ಆದರೆ ರಬ್ಬರನ್ನು ಅಡಗಿಸಿಡಿ. ಒದ್ದೆ ಕಾಗದವನ್ನು ಎರಡು ಸಲ ಉಜ್ಜಿದರೆ ತೂತು ಬೀಳುತ್ತದೆ. ನೀರಿಲ್ಲದ ಕಂಬದಲ್ಲೇ ತೂತು ಬಿದ್ದವರು ಅದನ್ನು ಬೋರ್‌ವೆಲ್ ಎಂದು ತೋರಿಸಿ ಅಡಿಕೆಗೆಲ್ಲ ಎರಡೆರಡು ಅಂಕ ಕೇಳುತ್ತಾರೆ. ಕೊಡಬೇಡಿ.