ಗೇಮ್ ಡಿಸೈನ್‌ಗೆ ಪ್ರತ್ಯೇಕ ಪದವಿ ಬೇಕಾ?

ಪರ: ಆಟ ಕಟ್ಟುವುದೂ ಒಂದು ವಿದ್ಯೆ

ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಈ ಒಂದು ನಿಯಮ ತೆಗೆದು ಆಡಿ ನೋಡಿ. ಎಲ್ಲರೂ ತಮ್ಮ ಪಾಡಿಗೆ ಸುತ್ತು ಹಾಕಿ ಕಾಯಿ ಹಣ್ಣು ಮಾಡಿಕೊಂಡು ಏಳುತ್ತಾರೆ. ಕವಡೆ ಉರುಳುವಾಗ ಎದೆ ಡವಗುಟ್ಟುವುದಿಲ್ಲ. ಆಟದ ಜೀವ ಇರುವುದು ಆ ನಿಯಮದಲ್ಲಿ. ಅಂಥ ನಿಯಮ ಹುಡುಕುವ ಕೆಲಸಕ್ಕೇ ಗೇಮ್ ಡಿಸೈನ್ ಅನ್ನುವುದು.

ಕೋಡಿಂಗ್ ಕಲಿಸಲು ಎಂಜಿನಿಯರಿಂಗ್ ಕಾಲೇಜುಗಳಿವೆ. ಚಿತ್ರ ಬರೆಯಲು, ಅನಿಮೇಷನ್ ಮಾಡಲು ಕಲಿಸುವವರಿದ್ದಾರೆ. ಆಟವಾಗಿ ಯೋಚಿಸಲು ಕಲಿಸುವ ಜಾಗ ತುಂಬಾ ಕಡಿಮೆ. ಬೆಂಗಳೂರಿನ ಎನ್‌ಐಡಿಯಲ್ಲಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಡಿಜಿಟಲ್ ಗೇಮ್ ಡಿಸೈನ್ ಇದೆ, ಆದರೆ ಅದು ಸ್ನಾತಕೋತ್ತರ ಕೋರ್ಸ್. ರಾಯಚೂರಿನಲ್ಲೋ ಶಿರಸಿಯಲ್ಲೋ ಪಿಯುಸಿ ಮುಗಿಸಿದ ಹುಡುಗಿ ಎಲ್ಲಿಗೆ ಹೋಗಬೇಕು?

ಪಠ್ಯಕ್ರಮ ಹೀಗೆ ಶುರುವಾಗಲಿ ಎಂದು ನನ್ನ ಆಸೆ. ಮೊದಲ ಸೆಮಿಸ್ಟರ್‌ನಲ್ಲಿ ಕಂಪ್ಯೂಟರ್ ಬೇಡ. ರಟ್ಟು, ಹುಣಸೆ ಬೀಜ, ಕವಡೆ ಸಾಕು. ಹುಲಿ-ಕುರಿ ಆಟ ಕೊಟ್ಟು ಎರಡು ಕುರಿ ಕಡಿಮೆ ಮಾಡಿ ಅನ್ನಿ. ಆಗ ಯಾರು ಗೆಲ್ಲುತ್ತಾರೆ, ಯಾಕೆ? ಆಮೇಲೆ ಅವರೇ ಒಂದು ಆಟ ಮಾಡಲಿ. ಅದನ್ನು ಗುರುತಿಲ್ಲದವರ ಕೈಗೆ ಕೊಟ್ಟು, ಹಿಂದೆ ಬಾಯಿ ಮುಚ್ಚಿಕೊಂಡು ಕೂರಲಿ. ಆಡುವವರು ಎಲ್ಲಿ ತಡವರಿಸಿದರು, ಎಲ್ಲಿ ನಕ್ಕರು, ಯಾವಾಗ ಎದ್ದು ಹೋದರು ಎಂದು ಬರೆದುಕೊಳ್ಳಲಿ. ಅದನ್ನು ನೋಡಿದ ಮೇಲೆ ಏನು ಬದಲಿಸಿದರು ಅನ್ನುವುದಕ್ಕೆ ಅಂಕ ಕೊಡಿ. ಎಂಜಿನ್, ಅಂದರೆ ಕಂಪ್ಯೂಟರ್ ಆಟ ಕಟ್ಟಲು ಬಳಸುವ ಸಾಫ್ಟ್‌ವೇರ್, ಎಲ್ಲ ಎರಡನೇ ವರ್ಷಕ್ಕೆ ಬರಲಿ.

ಇದು ನಮಗೆ ಹೊಸದೇನೂ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ 19ನೇ ಶತಮಾನದಲ್ಲೇ ತಾವೇ ಮಣೆ ಆಟಗಳನ್ನು ರೂಪಿಸಿದ್ದರು.

ಕಾಲೇಜಿನಲ್ಲಿ ಇನ್ನೊಂದು ಅನುಕೂಲವಿದೆ. ತಪ್ಪಿದರೆ ಯಾರ ದುಡ್ಡೂ ಮುಳುಗುವುದಿಲ್ಲ. ಅಮೆರಿಕದಲ್ಲಿ ಗೇಮ್ ಮಾಡುವುದನ್ನು ಕಲಿಸುವ ಡಿಜಿಪೆನ್ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಒಂದು ತಂಡ 2005ರಲ್ಲಿ 'ನಾರ್ಬಾಕ್ಯುಲರ್ ಡ್ರಾಪ್' ಎಂಬ ಪುಟ್ಟ ಆಟ ಮಾಡಿತು. ವಾಲ್ವ್ ಎಂಬ ಗೇಮ್ ಕಂಪನಿ ಆ ತಂಡವನ್ನೇ ಕೆಲಸಕ್ಕೆ ಕರೆದುಕೊಂಡಿತು. 2007ರಲ್ಲಿ ಅದೇ ಕಲ್ಪನೆ 'ಪೋರ್ಟಲ್' ಎಂಬ ಆಟವಾಗಿ ಜಗತ್ತಿನ ಮುಂದೆ ಬಂತು. ಬೆಂಗಳೂರಿನಲ್ಲಿ ಧ್ರುವ ಇಂಟರ್‌ಆಕ್ಟಿವ್ ಎಂಬ ಗೇಮ್ ಕಂಪನಿ 1997ರಲ್ಲೇ ಶುರುವಾಯಿತು. ಈ ಕೆಲಸದಲ್ಲಿ ಅಷ್ಟು ಹಳೆಯ ಊರು ನಮ್ಮದು. ಆದರೂ ನಮ್ಮವರ ಕೈಗೆ ಹೆಚ್ಚಾಗಿ ಬಂದದ್ದು ಹೊರದೇಶದ ಆಟಗಳಿಗೆ ಕಾರು, ಕಟ್ಟಡ ಮಾಡಿಕೊಡುವ ಕೆಲಸ. ನಿಯಮ ಬರೆಯುವ ಕುರ್ಚಿಯಲ್ಲೂ ನಮ್ಮ ಮಕ್ಕಳು ಕೂರಬೇಕು ಅಲ್ವಾ?

ವಿರೋಧ: ಕಲಿಸಿ, ಆದರೆ ಪದವಿಯ ಹೆಸರು ಅದಾಗದಿರಲಿ

ರಟ್ಟು, ಹುಣಸೆ ಬೀಜದ ಪಾಠ ನನಗೂ ಇಷ್ಟ. ಅದು ಎಲ್ಲ ಕಾಲೇಜಿಗೂ ಬರಲಿ. ನನ್ನ ತಕರಾರು ಹದಿನೆಂಟು ವರ್ಷದವರ ಮೂರ್ನಾಲ್ಕು ವರ್ಷವನ್ನು ಒಂದೇ ಬಾಗಿಲಿಗೆ ಕಟ್ಟಿಹಾಕುವುದರ ಬಗ್ಗೆ.

ಆ ಬಾಗಿಲು ಯಾವಾಗಲೂ ತೆರೆದಿರುವುದಿಲ್ಲ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಒಂದೇ ಗೇಮಿಂಗ್ ವಿಭಾಗದಿಂದ 1,900 ಜನರನ್ನು ತೆಗೆಯಿತು. ಕಂಪ್ಯೂಟರ್ ಸೈನ್ಸ್ ಓದಿದವರು ಅಂಥ ಹೊತ್ತಿನಲ್ಲಿ ಬ್ಯಾಂಕ್ ಸಾಫ್ಟ್‌ವೇರ್ ಕಡೆಗಾದರೂ ಹೋಗಬಹುದು. ಅಂಕಪಟ್ಟಿಯಲ್ಲಿ ಬರೀ ಗೇಮ್ ಡಿಸೈನ್ ಎಂದಿರುವ ಹುಡುಗನಿಗೆ ಆ ದಾರಿ ಕಷ್ಟ. ಸಾಲ ಮಾಡಿ ಓದಿಸಿದ ಅಪ್ಪ ಅಮ್ಮನನ್ನೂ ನೆನೆಯಬೇಕು.

ಇನ್ನು, ಪಾಠ ಮಾಡುವವರು ಯಾರು? ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿ, ಅದರ ಮೇಲೆ ನೆಟ್ (ಅಧ್ಯಾಪಕರ ಅರ್ಹತಾ ಪರೀಕ್ಷೆ) ಅಥವಾ ಪಿಎಚ್‌ಡಿ ಬೇಕು ಎನ್ನುವುದೇ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬೆಳೆದುಬಂದ ರೂಢಿ. ಹತ್ತು ವರ್ಷ ಆಟ ಮಾಡಿದವರ ಹತ್ತಿರ ಅದು ಸಾಮಾನ್ಯವಾಗಿ ಇರುವುದಿಲ್ಲ. 2022ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅಂಥ ಅನುಭವಿಗಳಿಗೆ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಎಂಬ ದಾರಿ ಮಾಡಿತು. ಅದಕ್ಕೆ ಕನಿಷ್ಠ 15 ವರ್ಷದ ಅನುಭವ ಬೇಕು. ಇಂಥ ಹುದ್ದೆಗಳೂ ಮಂಜೂರಾದ ಒಟ್ಟು ಹುದ್ದೆಗಳ ಶೇ. 10ನ್ನು ಮೀರುವಂತಿಲ್ಲ. ಹೀಗಾದರೆ ಒಂದು ಆಟವನ್ನೂ ಮುಗಿಸಿ ಹೊರಗೆ ತಂದಿರದವರೇ ಸ್ಲೈಡ್ ಓದಿ ಪಾಠ ಮಾಡಬೇಕಾಗುತ್ತದೆ. ಇದೇ ನನಗೆ ಜಾಸ್ತಿ ಭಯ.

ಉಪಕರಣಗಳೂ ನಿಲ್ಲುವುದಿಲ್ಲ. ಎಷ್ಟೋ ಜನ ಆಟ ಮಾಡಲು ಕಲಿತ ಫ್ಲ್ಯಾಶ್ ಎಂಬ ಸಾಫ್ಟ್‌ವೇರ್ 2020ರ ಕೊನೆಗೆ ಮುಗಿದೇ ಹೋಯಿತು. ಯೂನಿಟಿ ಎಂಬ ಎಂಜಿನ್‌ನ ಕಂಪನಿ 2023ರಲ್ಲಿ ಆಟದ ಇನ್‌ಸ್ಟಾಲ್ ಲೆಕ್ಕದಲ್ಲಿ ಶುಲ್ಕ ಹಾಕುತ್ತೇವೆ ಎಂದಾಗ ಎಷ್ಟೋ ತಂಡಗಳು ಬೇರೆ ಎಂಜಿನ್ ಹುಡುಕಿದವು. ಮರುವರ್ಷ ಕಂಪನಿ ಅದನ್ನು ಕೈಬಿಟ್ಟಿತು. ನಮ್ಮಲ್ಲಿ ಸಿಲಬಸ್ ಬದಲಿಸಲು ಬೋರ್ಡ್ ಆಫ್ ಸ್ಟಡೀಸ್, ಅಕಾಡೆಮಿಕ್ ಕೌನ್ಸಿಲ್ ಎಂದು ಒಂದೊಂದೇ ಮೆಟ್ಟಿಲು ಹತ್ತಬೇಕು. ಅಷ್ಟರಲ್ಲಿ ಒಂದು ಬ್ಯಾಚ್ ಹೊರಗೆ ಹೋಗಿರುತ್ತದೆ.

'ಸ್ಟಾರ್‌ಡ್ಯೂ ವ್ಯಾಲಿ' ಎಂಬ ಆಟ ಮಾಡಿದ ಎರಿಕ್ ಬರೋನ್ ಓದಿದ್ದು ಕಂಪ್ಯೂಟರ್ ಸೈನ್ಸ್. ಚಿತ್ರ, ಸಂಗೀತ, ಕಥೆ ಎಲ್ಲವನ್ನೂ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ಕೂತು ಕಟ್ಟಿದರು. ಎಲ್ಲರೂ ಹಾಗೆ ಒಂಟಿಯಾಗಿ ಒದ್ದಾಡಲಿ ಎನ್ನುತ್ತಿಲ್ಲ. ಕನ್ನಡ ಎಂಎ ಹುಡುಗಿ, ಕೋಡ್ ಬರೆಯುವವನು, ಚಿತ್ರಕಲೆಯವರು ಒಂದೇ ಮೇಜಿನ ಸುತ್ತ ಕೂರುವ ಐಚ್ಛಿಕ ವಿಷಯ ಮಾಡಿ. ಎರಡು ವರ್ಷ ಜೊತೆಯಾಗಿ ಆಟ ಕಟ್ಟಲಿ. ಪ್ರತ್ಯೇಕ ವಿಭಾಗ ಮಾಡಿದರೆ ಗೇಮ್ ಓದುವವರು ಗೇಮ್ ಓದುವವರ ಜೊತೆಗೇ ಕೂರುತ್ತಾರೆ. ಆಗ ಬಯಲಾಟ ಗೊತ್ತಿರುವವನು, ಹೊಲದಲ್ಲಿ ದುಡಿದವಳು ಆ ಮೇಜಿಗೆ ಬರುವುದು ಹೇಗೆ?